ಒಂದು ದಿನದ ಫೋಟೋ ಪ್ರವಾಸ ಸಾಕು ಮಾಡಿ, ಮಕ್ಕಳನ್ನ ಒಂದು ಸೆಮಿಸ್ಟರ್ ಊರೊಳಗೆ ಕಳಿಸಿ

ಮಾನ್ಯ ಸಂಪಾದಕರೇ,

ನಾನು ಸಿಟಿ ಮಾರ್ಕೆಟ್ ಹತ್ರ ಎಸ್.ಜೆ.ಪಿ. ರೋಡ್ ಹಿಂದಿನ ಒಂದು ಗಲ್ಲೀಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಕೊಂಡಿದೀನಿ. ಈ ಕೆಲಸಕ್ಕೆ ಬಂದು 31 ವರ್ಷ ಆಯ್ತು. ಓದಿರೋದು ಎಂಟನೇ ಕ್ಲಾಸ್. ಪೇಪರಿಗೆ ಬರೆಯೋದು ಇದೇ ಮೊದಲು, ಹೆಚ್ಚುಕಮ್ಮಿ ಇದ್ರೆ ತಿದ್ದಿ ಹಾಕ್ಕೊಳ್ಳಿ, ಆದ್ರೆ ವಿಷಯ ಮಾತ್ರ ಬಿಡಬೇಡಿ.

ಹೋದ ತಿಂಗಳು ಒಂದು ಹೈಸ್ಕೂಲಿಂದ ಹತ್ತನೇ ಕ್ಲಾಸಿನ ನಾಲ್ಕು ಹುಡುಗ್ರು, ಜೊತೆಗೊಬ್ಬ ಮೇಷ್ಟ್ರು ಬಂದಿದ್ರು. ಸ್ಕೂಲಿನ ಹೆಸರು ಬೇಡ, ಮೇಷ್ಟ್ರ ಮೇಲೂ ನನಗೆ ಸಿಟ್ಟಿಲ್ಲ, ಅವರಿಗೆ ಮೇಲಿಂದ ಬಂದಿದ್ದನ್ನ ಅವರು ಮಾಡ್ತಿದ್ರು ಅಷ್ಟೇ. ಸ್ಥಳೀಯ ಕಸುಬುಗಳ ಬಗ್ಗೆ ಪ್ರಾಜೆಕ್ಟ್ ಅಂತೆ, ಒಂದೊಂದು ಅಂಗಡೀಲಿ ಐದು ಪ್ರಶ್ನೆ ಕೇಳೋದು, ಒಂದು ಫೋಟೋ ತೆಗೆಯೋದು, ಮುಂದಿನ ಅಂಗಡಿಗೆ ಹೋಗೋದು. ನಿಮ್ಮ ಹೆಸರೇನು, ಎಷ್ಟು ವರ್ಷದಿಂದ ಮಾಡ್ತಿದೀರ, ದಿನಕ್ಕೆ ಎಷ್ಟು ಸಂಪಾದನೆ, ಹೀಗೆ. ನಾನು ಹೇಳ್ತಾ ಇದ್ದೆ, ಅವರು ಬರ್ಕೊಳ್ತಾ ಇದ್ರು.

ಅವತ್ತು ನನ್ನ ಮುಂದೆ ಸುಟ್ಟು ಹೋಗಿರೋ ಒಂದು ಎಚ್.ಪಿ. ಮೋಟಾರ್ ಬಿಚ್ಚಿ ಇಟ್ಟಿದ್ದೆ, ಮನೆಗಳಲ್ಲಿ ಸಂಪಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತೋದು ಇರತ್ತಲ್ಲ, ಅದು. ಒಳಗಿನ ಕಾಯಿಲ್, ಅಂದ್ರೆ ತಾಮ್ರದ ತಂತಿ ಸುತ್ತು, ಎಲ್ಲಾ ಕರ್ರಗಾಗಿತ್ತು. ಪಕ್ಕದಲ್ಲೇ ಹೊಸದಾಗಿ ಸುತ್ತಿಟ್ಟಿದ್ದ ಕಾಯಿಲೂ ಇತ್ತು. ನಾಲ್ವರಲ್ಲಿ ಒಬ್ಬ ಹುಡುಗ ಬರೆಯೋದು ನಿಲ್ಲಿಸಿ ಅದನ್ನೇ ನೋಡ್ತಾ ನಿಂತ. ಆಮೇಲೆ ಕೇಳ್ದ, “ಅಂಕಲ್, ತಾಮ್ರದ ತಂತಿ ಒಂದಕ್ಕೊಂದು ಹೀಗೆ ಅಂಟ್ಕೊಂಡೇ ಇದೆಯಲ್ಲ, ಶಾರ್ಟ್ ಆಗಲ್ವಾ?”

ಎಂಥಾ ಪ್ರಶ್ನೆ ನೋಡಿ. ಅವನ ಹಾಳೇಲಿ ಇದ್ದ ಐದರಲ್ಲಿ ಇದು ಇರಲಿಲ್ಲ. ನಾನು ಒಂದು ತುಂಡು ತಂತಿ ತಗೊಂಡು ಬ್ಲೇಡಲ್ಲಿ ಕೆರೆದು ತೋರಿಸಿದೆ, ಕರೆಂಟ್ ದಾಟದ ಹಾಗೆ ತಡೆಯೋ ಮೇಲಿನ ಎನಾಮಲ್ ಪದರ ಪುಡಿ ಪುಡಿಯಾಗಿ ಉದುರಿ ಒಳಗಿನ ತಾಮ್ರ ಹೊಳೀತು. ಆ ಪದರ ಬಿಸಿಗೆ ಸುಟ್ಟು ಹೋದಾಗ್ಲೇ ಮೋಟಾರ್ ಸುಡೋದು ಅಂದೆ. ಯಾಕೆ ಬಿಸಿ ಆಯ್ತು ಅಂದ. ವೋಲ್ಟೇಜ್ ಕಮ್ಮಿ ಇತ್ತು ಅದಕ್ಕೆ ಅಂದೆ. ಹುಡುಗ ಒಪ್ಪಲಿಲ್ಲ. ವೋಲ್ಟೇಜ್ ಕಮ್ಮಿ ಆದ್ರೆ ಬಿಸೀನೂ ಕಮ್ಮಿ ಆಗಬೇಕಲ್ವಾ ಅಂಕಲ್ ಅಂತ ವಾದ ಮಾಡ್ದ. ನಾನು ಹೇಳ್ದೆ, ಇಲ್ಲ ಕಣಪ್ಪ, ಪಂಪು ಎತ್ತಬೇಕಾದ ನೀರು ಅಷ್ಟೇ ಇದೆ, ವೋಲ್ಟೇಜ್ ಇಳಿದ್ರೆ ಮೋಟಾರ್ ಜಾಸ್ತಿ ಕರೆಂಟ್ ಎಳಿಯತ್ತೆ, ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಹಾಕಿ ನೋಡು ಬೇಕಾದ್ರೆ. ಆಗ ಅವನು ನನ್ನ ಬಿಲ್ ಬುಕ್ ಹಿಂದೆ ಪೆನ್ನಲ್ಲಿ ಬರೆಯೋಕೆ ಶುರು ಮಾಡ್ದ. 230 ವೋಲ್ಟ್ ಇರಬೇಕಾದ ಕಡೆ 180 ಇದ್ರೆ, ಅದೇ ಕೆಲಸಕ್ಕೆ ಕರೆಂಟ್ ಸುಮಾರು 1.28 ಪಟ್ಟು ಆಗತ್ತೆ, ಜೌಲನ ನಿಯಮದಲ್ಲಿ ಬಿಸಿ ಅನ್ನೋದು ಕರೆಂಟಿನ ವರ್ಗದ ಲೆಕ್ಕ, ಅಂದ್ರೆ 1.6 ಪಟ್ಟು ಬಿಸಿ. ಬರೆದು ಮುಗಿಸಿ ನನ್ನ ಮುಖ ನೋಡ್ದ.

ಸಂಪಾದಕರೇ, ವೋಲ್ಟೇಜ್ ಇಳಿದ್ರೆ ಮೋಟಾರ್ ಸುಡತ್ತೆ ಅನ್ನೋದು ನನಗೆ 31 ವರ್ಷದಿಂದ ಗೊತ್ತು. ಕೈಗೆ ಗೊತ್ತು, ಮೂಗಿಗೆ ಗೊತ್ತು, ವಾರ್ನಿಶ್ ಸುಟ್ಟ ವಾಸನೆಯಲ್ಲೇ ಹೇಳ್ತೀನಿ. ಆದ್ರೆ ಸ್ವಲ್ಪ ವೋಲ್ಟೇಜ್ ಇಳಿದಿದ್ದಕ್ಕೆ ಬಿಸಿ ಯಾಕೆ ಅಷ್ಟೊಂದು ಏರತ್ತೆ ಅನ್ನೋ ಲೆಕ್ಕ ಅವತ್ತು ಆ ಹುಡುಗನಿಂದ ನನಗೆ ತಿಳೀತು. ಅವನಿಗೆ ಆ ಸೂತ್ರ ಬಾಯಿಪಾಠ ಇತ್ತು, ಅದು ಒಂದು ಸುಟ್ಟ ಕಾಯಿಲ್ ಒಳಗೆ ಕೂತಿರತ್ತೆ ಅಂತ ಅವನಿಗೂ ಅವತ್ತೇ ಗೊತ್ತಾಗಿದ್ದು. ಇಬ್ಬರೂ ಇನ್ನೇನೋ ಮಾತಾಡಬೇಕು ಅನ್ನೋಷ್ಟರಲ್ಲಿ ಮೇಷ್ಟ್ರು ಟೈಮ್ ಆಯ್ತು ಬನ್ರೋ ಅಂದ್ರು, ಫೋಟೋ ತೆಗೆದ್ರು, ಹೊರಟ್ರು. ಒಟ್ಟು 20 ನಿಮಿಷ. ಹುಡುಗ ಆ ಕೆರೆದ ತಂತಿ ತುಂಡನ್ನ ಜೇಬಿಗೆ ಹಾಕ್ಕೊಂಡು ಹೋದ.

ಆ 20 ನಿಮಿಷ ನನ್ನ ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೇ ಈ ಪತ್ರ.

ನಾನು ಕೇಳ್ತಿರೋದು ಇಷ್ಟು. ಬೆಂಗಳೂರಿನ ಹೈಸ್ಕೂಲ್ ಮಕ್ಕಳಿಗೆ ಒಂಬತ್ತನೇ ಕ್ಲಾಸಲ್ಲಿ ಒಂದು ಸೆಮಿಸ್ಟರ್, ಅಂದ್ರೆ ಜೂನಿಂದ ದಸರಾ ರಜೆವರೆಗೆ, ಪಾಠವನ್ನ ಊರೊಳಗೇ ನಡೆಸಿ. ವಾರದಲ್ಲಿ ಎರಡು ದಿನ ಕ್ಲಾಸ್ ರೂಮಲ್ಲಿ ಲೆಕ್ಕ, ಭಾಷೆ ಎಲ್ಲಾ ಇರಲಿ, ಮಿಕ್ಕ ದಿನ ಹೊರಗೆ. ಒಂದು ದಿನದ ಟ್ರಿಪ್ ಬೇಡ. ಹೊಸ ಶಿಕ್ಷಣ ನೀತಿ 2020ರಲ್ಲಿ ಆರರಿಂದ ಎಂಟನೇ ಕ್ಲಾಸ್ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದ ದಿನ ಇರಲಿ, ಬಡಗಿ, ತೋಟಗಾರ, ಕುಂಬಾರರ ಹತ್ರ ಕಲೀಲಿ ಅಂತ ಬರೆದಿದಾರೆ, ನಮ್ಮ ರಾಜ್ಯದಲ್ಲೂ ಬ್ಯಾಗ್ ಇಲ್ಲದ ಶನಿವಾರ ಅಂತ ಇದೆ. ಒಳ್ಳೇದೇ, ಆದ್ರೆ 10 ದಿನದಲ್ಲಿ ಏನು ಬರತ್ತೆ ಸ್ವಾಮಿ? ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಸುಟ್ಟ ತಂತಿ ಕಿತ್ತು ಹಾಕೋದು ಬಿಟ್ರೆ ಬೇರೇನೂ ಕೊಟ್ಟಿರಲಿಲ್ಲ. ಎರಡನೇ ತಿಂಗಳು ಸುತ್ತು ಎಣಿಸೋದು. ಕೈ ಕೂತಿದ್ದು ಮೂರನೇ ತಿಂಗಳು, ಆಗ್ಲೇ ನನ್ನ ಬಾಯಲ್ಲಿ ಪ್ರಶ್ನೆ ಹುಟ್ಟಿದ್ದು.

ನನ್ನ ಮಗಳು ಬಿ.ಎಡ್. ಓದ್ತಿದಾಳೆ. ಅವಳ ಹತ್ರ ಈ ಹುಡುಗನ ಕಥೆ ಹೇಳಿದಾಗ ಅವಳು ಅಮೆರಿಕದ ಫಿಲಡೆಲ್ಫಿಯಾ ಊರಿನ ವಿಷಯ ತೆಗೆದ್ಲು. ಅಲ್ಲಿ 1969ರಲ್ಲಿ ಪಾರ್ಕ್‌ವೇ ಪ್ರೋಗ್ರಾಂ ಅಂತ ಒಂದು ಸರ್ಕಾರಿ ಹೈಸ್ಕೂಲ್ ಶುರು ಮಾಡಿದ್ರಂತೆ, ಅದಕ್ಕೆ ಬಿಲ್ಡಿಂಗೇ ಇರಲಿಲ್ಲ. ಮ್ಯೂಸಿಯಂ, ವಿಜ್ಞಾನ ಕೇಂದ್ರ, ಆಫೀಸುಗಳು, ಅಂಗಡಿಗಳು, ಅದೇ ಕ್ಲಾಸ್ ರೂಮು. ಮಕ್ಕಳು ಒಂದರಿಂದ ಇನ್ನೊಂದಕ್ಕೆ ನಡ್ಕೊಂಡು ಹೋಗ್ತಿದ್ರು. ನನಗೆ ಹಿಡಿಸಿದ ವಿಷಯ ಏನಂದ್ರೆ ಮಕ್ಕಳನ್ನ ಮಾರ್ಕ್ಸ್ ನೋಡಿ ಆರಿಸಲಿಲ್ಲ, ಊರಿನ ಎಲ್ಲಾ ಭಾಗದಿಂದ್ಲೂ ಲಾಟರಿ ಎತ್ತಿ ತಗೊಂಡ್ರು. ಮೂರು ವರ್ಷ ಆದ್ಮೇಲೆ ನ್ಯೂಯಾರ್ಕಲ್ಲೂ ಸಿಟಿ ಆಸ್ ಸ್ಕೂಲ್ ಅಂತ ಒಂದು ಸರ್ಕಾರಿ ಹೈಸ್ಕೂಲ್ ಬಂತು, ಮಕ್ಕಳು ಊರಲ್ಲಿ ಕೆಲಸದ ಜಾಗಗಳಲ್ಲಿ ಕಲಿತ್ರೆ ಅದೇ ಪಾಠದ ಲೆಕ್ಕಕ್ಕೆ ಬರತ್ತೆ. 1996ರಲ್ಲಿ ನ್ಯೂಯಾರ್ಕ್ ಪಕ್ಕದ ಒಂದು ಖಾಸಗಿ ಸ್ಕೂಲು ಸಿಟಿಟರ್ಮ್ ಅಂತ ಒಂದೇ ಸೆಮಿಸ್ಟರಿನ ಕೋರ್ಸ್ ಶುರು ಮಾಡ್ತು, ಇಡೀ ನ್ಯೂಯಾರ್ಕ್ ನಗರಾನೇ ಅವರ ಪಠ್ಯ ಆಗಿತ್ತು. ಅದು ದುಡ್ಡು ಕೊಡೋ ಶಕ್ತಿ ಇದ್ದೋರಿಗೆ. ನಮಗೆ ಬೇಕಾಗಿರೋದು ಸೆಮಿಸ್ಟರ್ ಅದರ ಥರ, ಬಾಗಿಲು ಫಿಲಡೆಲ್ಫಿಯಾ ಥರ ಎಲ್ಲರಿಗೂ ತೆರೆದಿರಬೇಕು. ಇಲ್ಲಾಂದ್ರೆ ಇದೂ ದೊಡ್ಡ ಫೀಸಿನ ಸ್ಕೂಲುಗಳ ಬ್ರೋಷರಲ್ಲಿ ಒಂದು ಸಾಲು ಆಗಿ ಹೋಗತ್ತೆ.

ಹಾಗಂತ ಇದು ಹೊರಗಿನೋರು ಹೇಳ್ಕೊಡಬೇಕಾದ ಮಾತೇನಲ್ಲ, ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಕೈಕೆಲಸದ ಮೂಲಕಾನೇ ಓದು ಕಲಿಸಿ ಅಂದಿದ್ರು.

ಬೆಂಗಳೂರಲ್ಲಿ ಏನು ಕಲಿಸ್ತೀರ ಅಂತ ಕೇಳ್ತಾರೆ. ನನ್ನನ್ನ ಕೇಳಿದ್ರೆ ಬರೀ ನೀರು ಸಾಕು, ನಾಲ್ಕು ತಿಂಗಳು ಅದೇ ಹಿಡಿಯತ್ತೆ. ಹೆಸರಘಟ್ಟ ಕೆರೆಯಿಂದ ಶುರು ಮಾಡಿ, 1890ರ ದಶಕದಲ್ಲಿ ಅರ್ಕಾವತಿ ನೀರು ಅಲ್ಲಿಂದ ಊರಿಗೆ ಬಂತು. ಊರು ಬೆಳೀತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು, ಅದೂ ಸಾಲಲಿಲ್ಲ, 1974ಕ್ಕೆ ಕಾವೇರಿ ಮೊದಲ ಹಂತ. ಈಗ 2024ರ ಅಕ್ಟೋಬರಲ್ಲಿ ಐದನೇ ಹಂತ, ಅದೊಂದರಲ್ಲೇ ದಿನಕ್ಕೆ 775 ದಶಲಕ್ಷ ಲೀಟರ್. ಕಾವೇರಿ ಹತ್ರದ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಎತ್ತರ ಈ ನೀರನ್ನ ಮೋಟಾರಿಂದ ಎತ್ತಬೇಕು, ಜಲಮಂಡಳಿ ಖರ್ಚಲ್ಲಿ ಕರೆಂಟ್ ಬಿಲ್ಲಿಂದೇ ದೊಡ್ಡ ಪಾಲು. ಒಂದು ಬಿಂದಿಗೆ ನೀರು ಅಷ್ಟು ಎತ್ತರಕ್ಕೆ ಎತ್ತೋಕೆ ಎಷ್ಟು ಶಕ್ತಿ ಬೇಕು ಅಂತ ಒಂಬತ್ತನೇ ಕ್ಲಾಸಿನ ಮಗು ಲೆಕ್ಕ ಹಾಕಬಹುದು, ಅದೇ ವರ್ಷದ ಪಾಠ ಅದು. ಇದೇ ಕಾವೇರಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಡ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ತು. ನಮ್ಮ ಕಡೆ ಹಳಬರು ಇವತ್ತಿಗೂ ಆ ಮಾತು ಹೆಮ್ಮೆಯಿಂದ ಹೇಳ್ತಾರೆ.

ಅಷ್ಟು ಕಷ್ಟಪಟ್ಟು ತಂದ ನೀರು ಸಿಂಕಿಂದ ಎಲ್ಲಿಗೆ ಹೋಗತ್ತೆ? ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟತ್ತೆ ಅಂತ ನಾವು ನಂಬೋ ವೃಷಭಾವತಿ ಈಗ ಮೈಸೂರು ರೋಡ್ ಪಕ್ಕ ಕಪ್ಪಗೆ ನೊರೆ ಕಟ್ಕೊಂಡು ಹರೀತಿದೆ, ಅದು ಅರ್ಕಾವತಿ ಸೇರತ್ತೆ, ಅರ್ಕಾವತಿ ಸಂಗಮದಲ್ಲಿ ಮತ್ತೆ ಕಾವೇರಿ ಸೇರತ್ತೆ. ಇನ್ನೊಂದು ಕಡೆ ನೀರು ಬೆಳ್ಳಂದೂರು ಕೆರೆಗೆ ಹೋಗತ್ತೆ, 2017ರಲ್ಲಿ, 2018ರಲ್ಲಿ ಆ ಕೆರೆಗೆ ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಕೆ.ಸಿ. ವ್ಯಾಲಿ, ಅಂದ್ರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಶುದ್ಧ ಮಾಡಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗ್ತಿದೆ. ಅದು ಒಳ್ಳೇದಾ ಕೆಟ್ಟದ್ದಾ ಅಂತ ಮಕ್ಕಳೇ ಕೋಲಾರದ ರೈತರ ಹತ್ರ ಹೋಗಿ ಕೇಳಲಿ, ಕೆರೆ ನೀರು ಬಾಟಲೀಲಿ ತಂದು ಟೆಸ್ಟ್ ಮಾಡ್ಲಿ. ಜೂನಲ್ಲಿ ಒಂದ್ಸಲ, ಮಳೆ ಆದ್ಮೇಲೆ ಸೆಪ್ಟೆಂಬರಲ್ಲಿ ಇನ್ನೊಂದ್ಸಲ. ಒಂದು ದಿನದ ಟ್ರಿಪ್ಪಲ್ಲಿ ಇದು ಆಗೋ ಕೆಲಸಾನಾ?

2024ರ ಬೇಸಿಗೆ ನೆನೆಸ್ಕೊಳ್ಳಿ. ಊರಿನ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರ ಹತ್ತಿರ 7 ಸಾವಿರ ಒಣಗಿದೆ ಅಂತ ಸರ್ಕಾರಾನೇ ಹೇಳ್ತು. ನಮ್ಮ ಗಲ್ಲೀಲಿ ಆ ಎರಡು ತಿಂಗಳು ಸುಟ್ಟ ಮೋಟಾರ್ ಇಡೋಕೆ ಜಾಗ ಇರಲಿಲ್ಲ, ನೀರಿಲ್ಲದ ಬೋರಲ್ಲಿ ಒಣಗಿಕೊಂಡು ಓಡಿ ಸುಟ್ಟಿದ್ದೇ ಜಾಸ್ತಿ. ಆಗ ನನ್ನ ಹತ್ರ ಇಬ್ಬರು ಮಕ್ಕಳು ಪೆನ್ನು ಹಿಡ್ಕೊಂಡು ಕೂತಿದ್ರೆ, ಯಾವ ಏರಿಯಾದಿಂದ ಎಷ್ಟು ಮೋಟಾರ್ ಬಂತು, ಬೋರ್ ಎಷ್ಟು ಅಡಿ ಅಂತ ಬರ್ಕೊಂಡಿದ್ರೆ ಅದೇ ಒಂದು ನಕ್ಷೆ ಆಗ್ತಿತ್ತು. ಗಿರಾಕಿಗಳು ಹೇಳ್ತಾನೇ ಇದ್ರು, ಬರ್ಕೊಳ್ಳೋರು ಇರಲಿಲ್ಲ.

ಚರಿತ್ರೆಗೂ ಬರ ಇಲ್ಲ. ಬೇಗೂರಿನ ದೇವಸ್ಥಾನದಲ್ಲಿ ಒಂಬತ್ತನೇ ಶತಮಾನದ ಶಾಸನ ಇದೆ, ಅದರಲ್ಲಿ ಬೆಂಗಳೂರಿನ ಹೆಸರೇ ಇದೆ, ಕೆಂಪೇಗೌಡರಿಗಿಂತ 600 ವರ್ಷ ಹಿಂದಿನದು. ಮಗು ಆ ಕಲ್ಲಿನ ಮುಂದೆ ಕೂತು ಹಳಗನ್ನಡದ ಅಕ್ಷರ ಒಂದೊಂದೇ ಬಿಡಿಸಲಿ. ಕರಗದ ದಾರಿ ನಡೀಲಿ, ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಬ್ ದರ್ಗಾಕ್ಕೆ ಯಾಕೆ ಹೋಗತ್ತೆ ಅಂತ ಅಲ್ಲಿನೋರನ್ನೇ ಕೇಳ್ಲಿ.

ಇನ್ನೊಂದು ಮಾತು ಮುಖ್ಯ. ಇಂಥ ಓದಲ್ಲಿ ಮುಂದೆ ಬರೋರು ಯಾರು ಗೊತ್ತಾ? ಸರ್ಕಾರಿ ಸ್ಕೂಲಿನ ಮಕ್ಕಳು. ಅವರಪ್ಪ ಪ್ಲಂಬರ್ರು, ಅಮ್ಮ ಮಾರ್ಕೆಟಲ್ಲಿ ಹೂ ಕಟ್ಟೋರು, ಮಾವ ಜಲಮಂಡಳಿ ವಾಲ್ವ್‌ಮ್ಯಾನ್. ಹಳ್ಳೀಲಿ ಕೆರೆ ನೀರು ಹಂಚೋ ನೀರಗಂಟಿ ಇದ್ದಂಗೆ ಈ ಊರಿಗೆ ವಾಲ್ವ್‌ಮ್ಯಾನ್, ಯಾವ ಬೀದಿಗೆ ಯಾವ ದಿನ ಎಷ್ಟೊತ್ತು ನೀರು ಅನ್ನೋದು ಅವನ ತಲೇಲಿರತ್ತೆ. ಅಂಥ ಮನೆಯ ಹುಡುಗಿ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ಬಾಯಿ ಬಿಡಲ್ಲ. ಊರೊಳಗೆ ಕರ್ಕೊಂಡು ಹೋಗಿ, ಮಿಕ್ಕೋರಿಗೆಲ್ಲಾ ಅವಳೇ ಟೀಚರ್ ಆಗ್ತಾಳೆ. ಓಡಾಟಕ್ಕೆ ಅವಳಿಗೆ ಖರ್ಚೂ ಇಲ್ಲ, 2023ರ ಜೂನಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇದೆ.

ಭಯ ಇರೋದೂ ನಿಜ. ಅಂಗಡಿಗೆ ಬಿಟ್ರೆ ಟೀ ತರೋಕೆ, ಕಸ ಗುಡಿಸೋಕೆ ಹಚ್ತಾರೆ ಅಂತಾರೆ, ಆ ಭಯ ನನಗೂ ಇದೆ, ಯಾಕಂದ್ರೆ ನಾನು ಹಾಗೇ ದುಡಿದೋನು. ಮನೆ ಪರಿಸ್ಥಿತಿಗೆ ಎಂಟಕ್ಕೇ ಸ್ಕೂಲ್ ಬಿಟ್ಟು ಬಂದೆ, ಕೆಲಸದ ಜೊತೆಗೆ ಎರಡು ವರ್ಷ ಟೀನೂ ತಂದಿದೀನಿ. ಕಲಿಯೋದು ಬೇರೆ, ದುಡಿಸ್ಕೊಳ್ಳೋದು ಬೇರೆ ಅಂತ ನನ್ನಂಥೋರಿಗೆ ಹೇಳ್ಕೊಡೋ ಅವಶ್ಯಕತೆ ಇಲ್ಲ. ಅದಕ್ಕೇ ನಿಯಮ ಗಟ್ಟಿಯಾಗಿ ಬರೀಬೇಕು. ಇಬ್ಬಿಬ್ಬರೇ ಬರಬೇಕು, ಒಂಟಿಯಾಗಿ ಕಳಿಸಬಾರದು, ಅಪಾಯದ ಮೆಷಿನ್ ಮುಟ್ಟಿಸಬಾರದು, ಸಂಜೆ ನಾಲ್ಕಕ್ಕೆ ವಾಪಸ್, ವಾರಕ್ಕೊಂದ್ಸಲ ಟೀಚರ್ ಬಂದು ಮಗು ಏನು ಬರೆದಿದೆ ಅಂತ ನೋಡಬೇಕು. ಆ ಟೀಚರಿಗೆ ಗಣತಿ, ಎಲೆಕ್ಷನ್ ಅಂತ ಬೇರೆ ಹೊರೆ ಹಾಕದೆ ಇದಕ್ಕೆ ಅಂತಾನೇ ಟೈಮ್ ಕೊಡಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಏನಾಗತ್ತೆ ಅನ್ನೋ ಅಪ್ಪ ಅಮ್ಮಂದಿರಿಗೆ ನಾನು ಆ ಬಿಲ್ ಬುಕ್ ತೋರಿಸ್ತೀನಿ. ಆ ಹುಡುಗ ಜೌಲನ ನಿಯಮ ಪರೀಕ್ಷೆಗೂ ಮರೆಯಲ್ಲ, ಪರೀಕ್ಷೆ ಆದ್ಮೇಲೂ ಮರೆಯಲ್ಲ.

ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿದೆ. ಅದನ್ನ ಜಾರಿ ಮಾಡೋರು ಮೊದಲು ಹತ್ತು ಸರ್ಕಾರಿ ಹೈಸ್ಕೂಲಲ್ಲಿ ಒಂದು ಸೆಮಿಸ್ಟರ್ ಹೀಗೆ ನಡೆಸಿ ನೋಡ್ಲಿ, ಲಾಟರಿ ಎತ್ತಿ ಮಕ್ಕಳನ್ನ ಆರಿಸ್ಲಿ.

ನಮ್ಮ ಗಲ್ಲೀಲಿ ನಾನು ಕೇಳಿ ನೋಡಿದೀನಿ. ಬೇರಿಂಗ್ ಅಂಗಡಿಯೋರು, ಪಂಪ್ ಫಿಟ್ಟಿಂಗ್ ಅಂಗಡಿಯೋರು, ಲೇತ್ ಇಟ್ಟಿರೋ ಸಾಬರು, ಹಳೇ ರೇಡಿಯೋ ರಿಪೇರಿ ಮಾಡೋ ಯಜಮಾನರು, ಎಲ್ಲಾ ಸೇರಿ ಒಂಬತ್ತು ಅಂಗಡಿ ಒಪ್ಪಿವೆ. ನನ್ನ ಅಂಗಡೀಲಿ ಬುಧವಾರ, ಗುರುವಾರ ಗಿರಾಕಿ ಕಮ್ಮಿ. ಎರಡು ಸ್ಟೂಲ್ ಹಾಕಿಸಿದೀನಿ, ಕ್ಲಾಂಪ್ ಮೀಟರ್ ಒಂದು ಎಕ್ಸ್‌ಟ್ರಾ ತಂದಿಟ್ಟಿದೀನಿ. ಆ ಹುಡುಗ ಈ ಪತ್ರ ಓದಿದ್ರೆ, ಪರೀಕ್ಷೆ ಮುಗಿದ ಮೇಲೆ ಮನೇಲಿ ಹೇಳಿ ಬರಲಿ, ಮೋಟಾರ್ ತಿರುಗೋಕೆ ಶುರು ಮಾಡ್ಸೋ ಸ್ಟಾರ್ಟಿಂಗ್ ಕಾಯಿಲಿಗೆ ಸಣ್ಣ ತಂತಿ ಯಾಕೆ ಹಾಕ್ತಾರೆ ಅಂತ ಅವನನ್ನ ಕೇಳಬೇಕು ಅಂತಿದೀನಿ.

ಇಂತಿ,
ಒಬ್ಬ ಮೋಟಾರ್ ವೈಂಡಿಂಗ್ ಮೆಕ್ಯಾನಿಕ್
ಸಿಟಿ ಮಾರ್ಕೆಟ್, ಬೆಂಗಳೂರು