ನಳ ಎಣಿಸಿದ್ದು ಸಾಕು, ಓಣಿಯ ಕೊನೆ ಮನೆಯ ನೀರು ಅಳೆಯಿರಿ

ಸಂಪಾದಕರಿಗೆ ನಮಸ್ಕಾರ.

2030ರೊಳಗೆ ಮುಟ್ಟಬೇಕೆಂದು ವಿಶ್ವಸಂಸ್ಥೆ ಇಟ್ಟ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ದೇಶ ಎಲ್ಲಿಗೆ ಮುಟ್ಟಿದೆ ಎಂದು ನೀತಿ ಆಯೋಗ ಅಳೆಯುವ ಸೂಚ್ಯಂಕದಲ್ಲಿ ಭಾರತದ ಅಂಕ 2018ರಲ್ಲಿ ನೂರಕ್ಕೆ 57 ಇತ್ತು, 2023–24ರಲ್ಲಿ 71ಕ್ಕೆ ಏರಿತು. ನೀರು ಮತ್ತು ನೈರ್ಮಲ್ಯದ 6ನೇ ಗುರಿಗಂತೂ 89 ಅಂಕ. ಈ ಏರಿಕೆಗೆ ಆಧಾರವಿದೆ. 2019ರ ಆಗಸ್ಟ್‌ನಲ್ಲಿ ಹಳ್ಳಿಯ ಮನೆಮನೆಗೂ ನಳದ ನೀರು ಕೊಡುವ ಜಲಜೀವನ್ ಮಿಷನ್ ಶುರುವಾದಾಗ ದೇಶದ ಹಳ್ಳಿಗಳ ನೂರು ಮನೆಗಳಲ್ಲಿ 17ಕ್ಕಷ್ಟೇ ನಳವಿತ್ತು. 2025ರ ಹೊತ್ತಿಗೆ ಸುಮಾರು 80 ಮನೆಗಳಿಗೆ ಬಂತು. ಇದು ದೊಡ್ಡ ಕೆಲಸ, ಮೆಚ್ಚಲೇಬೇಕು.

ಆದರೆ 2030ಕ್ಕೆ ಮುಟ್ಟಬೇಕಾದ ಈ ನೀರಿನ ಗುರಿಯ ಅಳತೆ ಇನ್ನೂ ಬಿಗಿಯಾಗಿದೆ. ನೀರು ಮನೆಯಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಅದರಲ್ಲಿ ಮಲದ ಸೋಂಕಾಗಲಿ, ಮಿತಿಮೀರಿದ ಫ್ಲೋರೈಡ್, ಆರ್ಸೆನಿಕ್ ಆಗಲಿ ಇರಬಾರದು. ಮೂರೂ ಕೂಡಿದರೆ ಮಾತ್ರ ಆ ಮನೆ ಲೆಕ್ಕಕ್ಕೆ ಬರುತ್ತದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಗದದ ಮೇಲೆ ಕಾಣುವುದು ಬಹುತೇಕ ಮೊದಲನೆಯದು.

ಮಿಷನ್ ಹೇಳುವ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್, ಅಂದರೆ ಐದು ಜನರ ಮನೆಗೆ 275. ಇದನ್ನು ಪರೀಕ್ಷಿಸಲು ಎಂಜಿನಿಯರ್ ಬೇಕಿಲ್ಲ. ಓಣಿಯ ಕೊನೆ ಮನೆಯ ನಳಕ್ಕೆ 20 ಲೀಟರ್ ಕ್ಯಾನ್ ಹಿಡಿದು ಗಡಿಯಾರ ನೋಡಿದರೆ ಸಾಕು. 2 ನಿಮಿಷದಲ್ಲಿ ತುಂಬಿದರೆ ಅರ್ಧ ತಾಸಿನೊಳಗೆ ದಿನದ ನೀರಾಯಿತು. 5 ನಿಮಿಷ ಹಿಡಿದರೆ ಒಂದು ತಾಸು ಹತ್ತು ನಿಮಿಷ ನೀರು ಬಿಡಬೇಕು. ದಿನ ಬಿಟ್ಟು ದಿನ ಬಿಡುವ ಊರಲ್ಲಿ ಅದರ ಎರಡು ಪಟ್ಟು. ಕೊನೆ ಮನೆಗೆ ನೀರು ಏರದಿರಲು ಕಾರಣ ಸಾಮಾನ್ಯವಾಗಿ ಎರಡು: ಮುಂದಿನ ಮನೆಗಳವರು ಪೈಪಿಗೇ ಮೋಟಾರ್ ಹಚ್ಚಿರುತ್ತಾರೆ, ಇಲ್ಲವೇ ತಿರುವು ಮುರಿದ ನಳ ಸುಮ್ಮನೆ ಗಟಾರಕ್ಕೆ ಸುರಿಯುತ್ತಿರುತ್ತದೆ. ಮೋಟಾರ್ ಎಳೆದಾಗ, ನೀರು ನಿಂತು ಪೈಪು ಬರಿದಾದಾಗ, ಗಟಾರದೊಳಗೆ ಹಾದ ಪೈಪಿನ ಸಣ್ಣ ಸೀಳು ಸಾಕು, ಹೊಲಸು ಒಳಗೆ ಸೇರುತ್ತದೆ. ವಾಂತಿಭೇದಿಯ ಮೂಲ ಹುಡುಕುವವರು ಮೊದಲು ನೋಡಬೇಕಾದದ್ದು ಈ ಜಾಗಗಳನ್ನೇ.

ಇದಕ್ಕೆ ಕಾವಲು ಕ್ಲೋರಿನ್. 50 ಸಾವಿರ ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಶೇ 33 ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪುಡಿಯಾದರೆ 300 ಗ್ರಾಂ, ಶೇ 25ಕ್ಕೆ ಇಳಿದಿದ್ದರೆ 400. ಬಾಯಿ ತೆರೆದಿಟ್ಟ ಚೀಲದ ಪುಡಿ ನಮ್ಮ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಪುಡಿಯನ್ನು ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಅರ್ಧ ತಾಸು ಬಿಟ್ಟು ನೀರು ಹರಿಸಬೇಕು. ಕೊನೆ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಬುಡದಲ್ಲೇ ಪರೀಕ್ಷಿಸಿ ವಹಿಯಲ್ಲಿ ಬರೆದರೆ ಏನೂ ತಿಳಿಯದು.

ಫ್ಲೋರೈಡ್ ಮಾತ್ರ ಕ್ಲೋರಿನ್‌ಗೆ ಬಗ್ಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಹುನಗುಂದ, ಇಳಕಲ್ ಭಾಗದ ಗ್ರಾನೈಟ್ ನೆಲದ ಬೋರುಗಳಲ್ಲಿ ಇದರ ಭಯ ಹೆಚ್ಚು. ಬಹುಗ್ರಾಮ ಯೋಜನೆಯಲ್ಲಿ ಕೃಷ್ಣೆಯ ನೀರು ಬಂದ ಊರೂ ನಿಶ್ಚಿಂತೆಯಲ್ಲ. ಕರೆಂಟು ಹೋದಾಗ, ಮುಖ್ಯ ಪೈಪು ಒಡೆದಾಗ ಹಳೇ ಬೋರಿನ ನೀರನ್ನೇ ಅದೇ ಟ್ಯಾಂಕಿಗೆ ಏರಿಸಿದರೆ, ನದಿ ನೀರಿನ ಪರೀಕ್ಷಾ ವರದಿ ಆ ದಿನ ಕುಡಿದ ನೀರಿಗೆ ಸಲ್ಲದು. ಬೋರಿನ ಮಾದರಿಯನ್ನು ಬೇರೆಯಾಗಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ತೆಗೆಯಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ.

ಊರಿನ ಶುದ್ಧ ನೀರಿನ ಘಟಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಒಳಹೋಗುವ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿರುವ ಲವಣದ ಮಿಲಿಗ್ರಾಂ, 1,500 ಇದ್ದರೆ ಹೊರಬರುವುದು 150ರ ಆಸುಪಾಸು ಇರಬೇಕು. 400, 500 ತೋರಿಸಿದರೆ ಲವಣ ಸೋಸುವ ತೆಳು ಪೊರೆ, ಅಂದರೆ ಮೆಂಬ್ರೇನ್, ಕೆಟ್ಟಿದೆ ಅಥವಾ ಸೋರುತ್ತಿದೆ ಎಂದೇ ತಿಳಿಯಬೇಕು, ಫ್ಲೋರೈಡ್ ಕೂಡ ಅದರೊಟ್ಟಿಗೆ ದಾಟುತ್ತಿರುತ್ತದೆ. ಘಟಕ ಹೊರಗೆ ಬಿಡುವ ಉಪ್ಪಿನ ನೀರನ್ನು ಬೋರಿನ ಪಕ್ಕದಲ್ಲೇ ಇಂಗಿಸುವುದನ್ನು ತಕ್ಷಣ ನಿಲ್ಲಿಸಬೇಕು.

ಮನೆಮನೆಗೂ ನೀರು ಬಂದಿದೆ ಎಂದು ಗ್ರಾಮಸಭೆ ಠರಾವು ಮಾಡಿದರೆ ಊರು ಪ್ರಮಾಣೀಕೃತವಾಗುತ್ತದೆ. ಆ ಠರಾವಿಗೆ ಮುಂಚೆ ಸಭೆಯಲ್ಲಿ ನಾಲ್ಕು ಅಂಕಿಗಳನ್ನು ಗಟ್ಟಿಯಾಗಿ ಓದಲಿ: ಕೊನೆ ಮನೆಯಲ್ಲಿ ಕ್ಯಾನ್ ತುಂಬಲು ಹಿಡಿದ ನಿಮಿಷ, ವಾರದಲ್ಲಿ ನೀರು ಬಿಟ್ಟ ತಾಸು, ಕೊನೆ ನಳದ ಕ್ಲೋರಿನ್, ಪ್ರತಿ ಬೋರಿನ ಫ್ಲೋರೈಡ್. ಪರೀಕ್ಷಾ ಕಿಟ್ ಬಳಸಲು ಊರಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದು ಮಿಷನ್ ನಿಯಮವೇ ಇದೆ. ಅಂಕಿ ಅವರೇ ಓದಲಿ. ಎರಡೂ ಜಿಲ್ಲಾ ಪಂಚಾಯಿತಿಗಳು ಬರುವ ಬೇಸಿಗೆಗೆ ಮೊದಲೇ ಈ ಪಟ್ಟಿಯನ್ನು ಪ್ರತಿ ಪಂಚಾಯಿತಿ ಕಟ್ಟೆಯ ಫಲಕದ ಮೇಲೆ ಬರೆಸಬೇಕೆಂದು ವಿನಂತಿ.

ಇಂತಿ,
ಗ್ರಾಮೀಣ ಕುಡಿಯುವ ನೀರಿನ ಕೆಲಸದಲ್ಲಿರುವ ಓದುಗರು, ಬಾಗಲಕೋಟೆ