ಕಾಪು ದೀಪಸ್ತಂಭ ಹತ್ತಿದ ಮೇಲೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ಮಗಳ ಜೊತೆ ಕಾಪು ದೀಪಸ್ತಂಭ ಹತ್ತಿದ್ದೆ. ಮೇಲೆ ನಿಂತು ಕಡಲು ನೋಡುತ್ತಾ ಅವಳು ಕೇಳಿದಳು, "ಅಪ್ಪ, ಕರೆಂಟ್ ಇಲ್ಲದ ಕಾಲದಲ್ಲಿ ಈ ದೀಪ ಯಾರು ಹಚ್ತಾ ಇದ್ರು?" ಅದಕ್ಕೇ ಈ ಪತ್ರ.

ಕಾಪುವಿನ ಈ ಗೋಪುರ 1901ರದ್ದು. ಬಂಡೆಯ ಮೇಲೆ ಸುಮ್ನೆ ಕಲ್ಲು ಪೇರಿಸಿದರೆ ಮಳೆಗಾಲದ ಕಡಲು ಬಿಡುತ್ತದೆಯೇ? ಬುಡ ಅಗಲ, ಮೇಲೆ ಹೋದಂತೆ ಸಪೂರ, ಮೈ ದುಂಡಗೆ. ಇದರ ಹಿಂದೆ ದೊಡ್ಡ ಕಥೆಯಿದೆ. ಇಂಗ್ಲೆಂಡಿನ ಎಡ್ಡಿಸ್ಟೋನ್ ಬಂಡೆಯ ಮೇಲೆ ಜಾನ್ ಸ್ಮೀಟನ್ ಎಂಬ ಇಂಜಿನಿಯರ್ 1759ರಲ್ಲಿ ಓಕ್ ಮರದ ಕಾಂಡದ ಆಕಾರದಲ್ಲಿ ಗೋಪುರ ಕಟ್ಟಿ ಮುಗಿಸಿದ. ಬಡಗಿಗಳು ಪೆಟ್ಟಿಗೆಯ ಮೂಲೆ ಕೂಡಿಸುತ್ತಾರಲ್ಲ, ಹಾಗೆ ಕಲ್ಲಿಗೆ ಕಲ್ಲು ಕಚ್ಚಿಸಿ, ನೀರಿನಲ್ಲೂ ಗಟ್ಟಿಯಾಗುವ ಸುಣ್ಣ ಬಳಸಿದ. ನೂರು ವರ್ಷ ದಾಟಿದ ಮೇಲೆ ಸವೆದದ್ದು ಕೆಳಗಿನ ಬಂಡೆ. ಗೋಪುರದ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್ ಊರಲ್ಲಿ ಮತ್ತೆ ನಿಲ್ಲಿಸಿದ್ದಾರೆ, ಇವತ್ತಿಗೂ ಜನ ಹತ್ತುತ್ತಾರೆ.

ಆದರೆ ಮಗಳು ಕೇಳಿದ್ದು ಕಲ್ಲಿನ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆ. ಆ ಕಾಲದ ಲೈಟ್‌ಹೌಸ್ ಕೀಪರ್‌ಗಳ ಕೆಲಸ ಸಣ್ಣದಲ್ಲ. ಎಣ್ಣೆ ಮೇಲಕ್ಕೆ ಹೊರಬೇಕು, ಬತ್ತಿ ಕತ್ತರಿಸಬೇಕು, ಗಾಜಿಗೆ ಹಿಡಿದ ಮಸಿ ಒರೆಸಬೇಕು. ಎಷ್ಟೋ ಕಡೆ ಬೆಳಕನ್ನು ಒಟ್ಟುಮಾಡಿ ದೂರಕ್ಕೆ ಕಳಿಸುವ ಮಸೂರ (ಲೆನ್ಸ್) ತಿರುಗುತ್ತಿದ್ದದ್ದು ಗೋಡೆ ಗಡಿಯಾರದ ಹಾಗೆ, ತೂಗುಬಿಟ್ಟ ಭಾರದಿಂದ. ಭಾರ ಕೆಳಗೆ ಬಂದಂತೆಲ್ಲ ಅದನ್ನು ಕೈಯಿಂದ ಸುತ್ತಿ ಮೇಲೇರಿಸಬೇಕು, ರಾತ್ರಿಯಿಡೀ. ಟನ್ನುಗಟ್ಟಲೆ ತೂಕದ ಮಸೂರ ಹಗುರಾಗಿ ತಿರುಗಲಿ ಎಂದು ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು, ಆ ವಿಷದ ಆವಿ ಕುಡಿದವರೂ ಈ ಕೀಪರ್‌ಗಳೇ. ಬೆಳಗಾದರೂ ಬಿಡುವಿಲ್ಲ, ಬಿಸಿಲು ಮಸೂರಕ್ಕೆ ಬಿದ್ದು ಬೆಂಕಿ ಹತ್ತದಂತೆ ಪರದೆ ಎಳೆಯಬೇಕು. ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ 1864ರಿಂದ ದೀಪವಿದೆ. ಕಡಲು ಕೆರಳಿ ದೋಣಿ ಹೋಗದ ದಿನಗಳಲ್ಲಿ ಅಲ್ಲಿದ್ದವರ ಮನೆಮಂದಿಗೆ ಹೇಗಾಗಿರಬೇಕು, ಯೋಚಿಸಿ.

ಈಗ ದೋಣಿಗಳಲ್ಲಿ ಜಿಪಿಎಸ್ ಇದೆ, ದೀಪ ತಾನಾಗಿ ಹತ್ತುತ್ತದೆ. ಅದು ಒಳ್ಳೆಯದೇ. 2021ರ ಹೊಸ ಕಾನೂನಿನಲ್ಲಿ ಪಾರಂಪರಿಕ ದೀಪಸ್ತಂಭಗಳನ್ನು ಗುರುತಿಸಿ ಶಿಕ್ಷಣಕ್ಕೆ, ಪ್ರವಾಸೋದ್ಯಮಕ್ಕೆ ಬೆಳೆಸಲು ಅವಕಾಶವಿದೆ. ಆ ಪರಂಪರೆಯಲ್ಲಿ ದೀಪ ಕಾದವರೂ ಸೇರಬೇಕು, ಅಲ್ವಾ?

ನಿಮ್ಮಲ್ಲಿ ಒಂದು ಕೋರಿಕೆ. ನಮ್ಮ ಕರಾವಳಿಯ ದೀಪಸ್ತಂಭಗಳಲ್ಲಿ ದುಡಿದು ನಿವೃತ್ತರಾದವರನ್ನು ಹುಡುಕಿ ಮಾತಾಡಿಸಿ. ಅವರ ಹೆಂಡತಿ ಮಕ್ಕಳನ್ನೂ, ಆ ಬೆಳಕು ನೋಡಿ ದಡ ಸೇರಿದ ಹಿರಿಯ ಮೊಗವೀರರನ್ನೂ ಕೇಳಿ. ವಾರಕ್ಕೊಬ್ಬರ ನೆನಪು ಅಚ್ಚಾದರೂ ಸಾಕು. ಅವರಿಗೆಲ್ಲ ವಯಸ್ಸಾಗಿದೆ, ಜಾಸ್ತಿ ತಡ ಮಾಡಬೇಡಿ.

ಒಬ್ಬ ಓದುಗ, ಉಡುಪಿ