ಹೆಸರು ಹೇಳದೆ ಹೋದ ಆ ಹಿರಿಯರಿಗೆ

ಮೈಸೂರಿನ ಸಯ್ಯಾಜಿರಾವ್ ರಸ್ತೆ ಕಡೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕ ಹಿರಿಯರೇ, ನಿಮಗೆ ಮನಸಾರೆ ಧನ್ಯವಾದ. ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ.

ದಸರಾ ಬೊಂಬೆಗಳ ಮುಂದೆ ಜನ ನಡೆದಂತೆಲ್ಲ ಒಂದೊಂದೇ ಸಾಲು ಬೆಳಗಬೇಕಿತ್ತು. ಆರ್ಡುಯಿನೋ ಊನೋ ಅನ್ನೋ ಪುಟ್ಟ ಕಂಟ್ರೋಲ್ ಬೋರ್ಡಿಗೆ, ಮೈಶಾಖದಿಂದ ಜನರ ಚಲನೆ ಗುರುತಿಸುವ ಆರು ಪಿಐಆರ್ ಸೆನ್ಸರ್ ಜೋಡಿಸಿದ್ದೆವು. ಎಲ್‌ಇಡಿ ಪಟ್ಟಿ ಹತ್ತಿದರೆ ಸಾಕು, ಎದುರಿಗೆ ಯಾರೂ ಇಲ್ಲದಿದ್ದರೂ ಆರೂ ಒಟ್ಟಿಗೆ ಎಚ್ಚರಗೊಳ್ಳುತ್ತಿದ್ದವು.

ನೀವು ಬಿಲ್ಲಿನ ಹಿಂಬದಿಯಲ್ಲೇ ಗೆರೆ ಎಳೆದು ತೋರಿಸುತ್ತ ಹೇಳಿದಿರಿ: ದೀಪ ಹತ್ತಿದ ಗಳಿಗೆ ವೋಲ್ಟೇಜ್ ಕುಸಿಯುತ್ತೆ, ಸೆನ್ಸರ್ ಅದನ್ನೇ ಚಲನೆ ಅಂದ್ಕೊಳ್ಳುತ್ತೆ. ದೀಪಗಳಿಗೆ ಬೇರೆ ಸಪ್ಲೈ ಕೊಡಿ, ಗ್ರೌಂಡ್, ಅಂದ್ರೆ ಮೈನಸ್ ತಂತಿ, ಮಾತ್ರ ಎಲ್ಲಕ್ಕೂ ಒಂದೇ ಇರಲಿ. ಪ್ರತಿ ಸೆನ್ಸರಿನ ಬುಡದಲ್ಲಿ, ವೋಲ್ಟೇಜ್ ಏರಿಳಿತ ತಗ್ಗಿಸೋ ಒಂದು ಕೆಪಾಸಿಟರ್ ಹಾಕಿ. ಆನ್ ಮಾಡಿದ ಮೇಲೆ ಒಂದು ನಿಮಿಷ ಹಾಗೇ ಬಿಡಿ, ಕೋಣೆಯ ಶಾಖಕ್ಕೆ ಹೊಂದಿಕೊಳ್ಳಲಿ. ಪ್ರೋಗ್ರಾಮಿನಲ್ಲಿ ಎಲ್ಲವನ್ನೂ ನಿಲ್ಲಿಸಿ ಕಾಯಿಸೋ ಡಿಲೇ ಬೇಡ, ಕಳೆದ ಸಮಯ ಹೇಳೋ ಮಿಲಿಸ್ ಬಳಸಿ. ಒಂದು ದೀಪ ಆರಲಿ ಅಂತ ಕಾಯುತ್ತ ಕೂತರೆ ಉಳಿದ ಐದನ್ನು ನೋಡೋರ್ಯಾರು?

ಅಂಗಡಿ ಬಾಗಿಲು ಹಾಕೋ ಹೊತ್ತಲ್ಲೂ ನನ್ನ ತಂಗಿ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟಿರಿ. ಅಷ್ಟು ತಾಳ್ಮೆಯಿಂದ ಕಲಿಸುವವರು ಅಪರೂಪ. ಈಗ ಪಟ್ಟದ ಗೊಂಬೆಯಿಂದ ಹಿಡಿದು ಕೊನೆಯ ಸಾಲಿನವರೆಗೂ ಎಲ್ಲ ಸರಿಯಾಗಿ ಬೆಳಗುತ್ತಿವೆ.

ಸರಸ್ವತೀಪುರಂನ ನಮ್ಮ ಮನೆಯಲ್ಲಿ ವಿಜಯದಶಮಿವರೆಗೂ ಬೊಂಬೆ ಇರುತ್ತೆ ಸಾರ್. ಮನೆಯವರನ್ನೂ ಕರ್ಕೊಂಡು ಬನ್ನಿ.